ಇಚ್ಛಾಪರಿಮಾಣವೂ ಮನೆಯ ಕಂಪ್ಯೂಟರೂ



ಶ್ರಾವಕನ ಐದನೆಯ ಅಣುವ್ರತವಾದ ಪರಿಗ್ರಹಪರಿಮಾಣಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ವಸ್ತುವಿಗೆ ಮಾತ್ರವಲ್ಲ, ಅದನ್ನು ಬಯಸುವ ಮನಸ್ಸಿಗೂ ಎಲ್ಲೆ ಬೇಕೆಂಬುದು ಇದರ ತಾತ್ಪರ್ಯ. ಈ ವ್ರತದ ಐದು ಅತಿಚಾರಗಳಲ್ಲಿ ಅತಿಸಂಗ್ರಹ, ವಿಸ್ಮಯ, ಲೋಭ ಎಂಬ ಮೂರೂ ಸೇರಿವೆ. ಪರರ ಲಾಭವನ್ನು ಕಂಡು ಬೆರಗುಗೊಂಡು ಒಳಗೇ ಕೊರಗುವುದು ವಿಸ್ಮಯ. ನೆರೆಮನೆಗೆ ಹೊಸ ಕಂಪ್ಯೂಟರು ಬಂದೊಡನೆ ನಮ್ಮ ಮನೆಯದು ಹಳತಾಗಿ ಕಾಣುವುದು ಈ ವಿಸ್ಮಯದಿಂದಲೇ ಅಲ್ಲವೆ?

ಹೊಸ ತಲೆಮಾರಿನ ಯಂತ್ರವು ಮಾರುಕಟ್ಟೆಗೆ ಬಂದಾಗ ಹಿಂದಿನದರ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಅದರ ಶಕ್ತಿಯಾದರೋ ಇಳಿಯುವುದಿಲ್ಲ. ಅಂಗಡಿಯ ಲೆಕ್ಕಕ್ಕೆ, ಮಕ್ಕಳ ಪಾಠಕ್ಕೆ, ಪ್ರವಚನ ಶ್ರವಣಕ್ಕೆ ಅದು ಧಾರಾಳವಾಗಿ ಸಾಕು. ಕಂತಿನ ಸಾಲ ಮಾಡಿ ಹೊಸದನ್ನು ತರುವ ಮುನ್ನ ಇರುವುದನ್ನು ಪರೀಕ್ಷಿಸಿರಿ. ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಎಸ್‌ಎಸ್‌ಡಿ ಹಾಕಿಸಿ, ಸಾಧ್ಯವಿದ್ದಲ್ಲಿ 4 ಜಿಬಿ ರ‍್ಯಾಮನ್ನು 8 ಜಿಬಿಗೆ ಏರಿಸಿದರೆ ಎಷ್ಟೋ ಯಂತ್ರಗಳು ಇನ್ನೂ ಕೆಲವು ವರ್ಷ ಸೇವೆ ಮಾಡುತ್ತವೆ.

ಆದರೆ ಸಂಯಮವು ಪ್ರಮಾದವಾಗಬಾರದು. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಭದ್ರತೆಯ ತಿದ್ದುಪಡಿಗಳಿಲ್ಲದ ಯಂತ್ರದಲ್ಲಿ ಹಣದ ವ್ಯವಹಾರ ನಡೆಸುವುದು ವಿವೇಕವಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು; ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರು ಅಥವಾ ಅದರ ಮುಂದಿನದಾಗಿರಬೇಕು. ಹಳೆಯದನ್ನು ಕೊಳ್ಳುವವರು ಇದನ್ನು ವಿಚಾರಿಸಿಯೇ ಕೊಳ್ಳತಕ್ಕದ್ದು. ಅದಕ್ಕೂ ಹಳೆಯದಾದ ಯಂತ್ರಕ್ಕೆ ಉಚಿತವಾಗಿ ದೊರೆಯುವ ಲಿನಕ್ಸ್ ಉಂಟು.

ಇದು ಕೇವಲ ಹಣದ ಮಾತಲ್ಲ. 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ತ್ಯಾಜ್ಯವು ಸುಮಾರು 6 ಕೋಟಿ 20 ಲಕ್ಷ ಟನ್ನುಗಳೆಂದು ವಿಶ್ವಸಂಸ್ಥೆಯ ವರದಿ ತಿಳಿಸುತ್ತದೆ. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ಶೇಕಡಾ 22.3 ಮಾತ್ರ. ಭೂಮಿಯನ್ನು ಅಗೆದು ಲೋಹ ತೆಗೆಯುವಾಗ ಪೃಥ್ವೀಕಾಯಿಕ ಜೀವಗಳಿಗಾಗುವ ಹಿಂಸೆಯಲ್ಲಿ ನಮ್ಮ ಅನಗತ್ಯ ಖರೀದಿಯ ಪಾಲೂ ಇದೆ.

ಇನ್ನೊಂದು ಸೂಕ್ಷ್ಮವನ್ನು ಮರೆಯಬಾರದು. ಉಳಿದ ಹಣದಿಂದ ಬೇರೊಂದು ಬೆಡಗಿನ ವಸ್ತುವನ್ನು ತಂದರೆ, ಉಪವಾಸದ ಮರುದಿನ ಪಾರಣೆಯಲ್ಲಿ ಎರಡರಷ್ಟು ಉಂಡಂತಾಯಿತು. ಆ ಹಣವನ್ನೇ ಗಂಟುಕಟ್ಟಿ ಎಣಿಸುತ್ತ ಕುಳಿತರೆ ವಿಸ್ಮಯವನ್ನು ಗೆದ್ದು ಲೋಭಕ್ಕೆ ಸೋತಂತಾಯಿತು. ಬಡ ವಿದ್ಯಾರ್ಥಿಯ ಶುಲ್ಕಕ್ಕೋ ಶಾಸ್ತ್ರದಾನಕ್ಕೋ ಅದರಲ್ಲೊಂದು ಪಾಲು ಸಂದಾಗ ಮಿತವ್ಯಯವು ವ್ರತವಾಗುತ್ತದೆ.

ಹಸಿವಿಗಿಂತ ಒಂದು ತುತ್ತು ಕಡಿಮೆ ಉಣ್ಣುವ ಅವಮೌದರ್ಯವು ನಮಗೆ ತಿಳಿದ ತಪವೇ. ಮುಂಬರುವ ದಶಲಕ್ಷಣ ಪರ್ವದಲ್ಲಿ, ಉತ್ತಮ ಆಕಿಂಚನ್ಯದ ದಿನ, “ಇರುವ ಯಂತ್ರವು ಕೆಲಸಕ್ಕೆ ನಿಜವಾಗಿ ಬಾರದಾಗುವವರೆಗೆ ಹೊಸದನ್ನು ಕೊಳ್ಳೆನು” ಎಂಬ ಕಿರು ನಿಯಮವನ್ನು ಮನೆಮಂದಿಯೆಲ್ಲ ಕೂಡಿ ಸ್ವೀಕರಿಸೋಣ. ನಿಯಮವು ಚಿಕ್ಕದಾದರೂ ನಿರತಿಚಾರವಾಗಿ ಪಾಲಿಸಿದರೆ ಆತ್ಮನಿಗೆ ಹಿತವೇ ಆಗುವುದು.