ಉಳಿಯುವ ಹಿಡಿ, ಸವೆಯುವ ಅಲಗು

ಎರಡಲಗಿನ ಸೇಫ್ಟಿ ರೇಜರ್ ನೋಡಲು ಒಂದೇ ವಸ್ತು. ಆದರೆ ಅದರಲ್ಲಿ ಎರಡು ಆಯುಷ್ಯಗಳು ಜೊತೆಯಾಗಿವೆ. ಲೋಹದ ಹಿಡಿ ಮತ್ತು ತಲೆಯನ್ನು ಜೋಪಾನವಾಗಿ ಇಟ್ಟುಕೊಂಡರೆ ಮೂರು ತಲೆಮಾರು ಬಾಳುತ್ತವೆ. ನಡುವೆ ಕೂರುವ ಬ್ಲೇಡ್ ಐದಾರು ಸಲ ಗಡ್ಡ ಹೆರೆಯುವಷ್ಟರಲ್ಲಿ ಮೊಂಡಾಗುತ್ತದೆ. ಹಳೆಯ ರೇಜರ್ ಮೇಲೋ ಹೊಸತು ಮೇಲೋ ಎಂಬ ಚರ್ಚೆ ಸಾಮಾನ್ಯವಾಗಿ ನುಣುಪು, ತೂಕ, ಬೆಲೆಗಳಲ್ಲೇ ಮುಗಿದುಹೋಗುತ್ತದೆ. ಧರ್ಮಗಳೂ ದರ್ಶನಗಳೂ ಬಹುಕಾಲದಿಂದ ಕೇಳುತ್ತ ಬಂದ ಪ್ರಶ್ನೆಯೊಂದು ಅದರ ಬುಡದಲ್ಲಿದೆ: ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಬಿಟ್ಟದ್ದು ಯಾರ ಕೈ ಸೇರುತ್ತದೆ?

ಈ ರೇಜರನ್ನು ರೂಪಿಸಿದ ಕಿಂಗ್ ಕ್ಯಾಂಪ್ ಗಿಲೆಟ್ ಮೊದಲು ಹೆಸರಿಗೆ ಬಂದದ್ದು ವ್ಯಾಪಾರಿಯಾಗಿ ಅಲ್ಲ, ಆದರ್ಶ ಸಮಾಜದ ಕನಸುಗಾರನಾಗಿ. 1894ರಲ್ಲಿ ಅವರು ಪ್ರಕಟಿಸಿದ ‘ದಿ ಹ್ಯೂಮನ್ ಡ್ರಿಫ್ಟ್’ ಪುಸ್ತಕ ಪೈಪೋಟಿಯೇ ಮನುಷ್ಯಕುಲದ ದುಂದಿಗೂ ಅಪರಾಧಕ್ಕೂ ಮೂಲವೆಂದು ವಾದಿಸಿತು. ನಯಾಗರಾ ಜಲಪಾತದ ಶಕ್ತಿಯಿಂದ ನಡೆಯುವ ಒಂದೇ ಮಹಾನಗರವನ್ನು ಕಲ್ಪಿಸಿತು. ದುಂದನ್ನು ಅಷ್ಟು ಕಟುವಾಗಿ ಖಂಡಿಸಿದವರೇ ಬಳಸಿ ಬಿಸಾಡುವ ವಸ್ತುವಿನ ಮೇಲೆ ಸಾಮ್ರಾಜ್ಯ ಕಟ್ಟಿದರು. ತೆಳು ಉಕ್ಕಿಗೆ ಹದವೂ ಹರಿತವೂ ಬರುವಂತೆ ಮಾಡಿದ್ದು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್. 1903ರಲ್ಲಿ ಮಾರಾಟವಾದದ್ದು 51 ರೇಜರ್ ಮತ್ತು 168 ಬ್ಲೇಡ್. ಮರುವರ್ಷ ಪೇಟೆಂಟ್ ಸಿಕ್ಕಿತು, ರೇಜರ್‌ಗಳ ಮಾರಾಟ 90 ಸಾವಿರ ದಾಟಿತು. ಅದುವರೆಗೆ ಕ್ಷೌರದ ಕತ್ತಿ ಸಾಣೆ ಹಿಡಿದು ಮತ್ತೆ ಮತ್ತೆ ಹರಿತ ಮಾಡುವ ವಸ್ತುವಾಗಿತ್ತು. ಆಮೇಲೆ ಹರಿತವೆಂಬುದು ಪೊಟ್ಟಣದಲ್ಲಿ ಕೊಳ್ಳುವ ಸರಕಾಯಿತು.

ಅದೇ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ ನಿಘಂಟು ಹೊರಬಂತು. 1834ರಲ್ಲಿ ಮಂಗಳೂರಿಗೆ ಬಂದ ಈ ಕ್ರೈಸ್ತ ಮಿಷನ್ ಬಲ್ಮಠದ ಗುಡ್ಡದಲ್ಲಿ ಬೇರೂರಿ, ಶಾಲೆ, ದೇವವಿದ್ಯಾಲಯ, ಅಚ್ಚುಕೂಟಗಳನ್ನು ಬೆಳೆಸಿತು. ಮತಾಂತರಗೊಂಡವರು ಜಾತಿಯೊಂದಿಗೆ ಜಾತಿಯ ಕಸುಬನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗೊಂದು ದುಡಿಮೆ ಬೇಕಿತ್ತು; ನೇಯ್ಗೆಯೂ 1865ರಲ್ಲಿ ಹೆಂಚಿನ ಕಾರ್ಖಾನೆಯೂ ಬಂದವು. ಕೈಕೆಲಸದ ಪ್ರಾಮಾಣಿಕತೆ ಭಕ್ತಿಯ ಭಾಗವೆಂಬುದು ಆ ಪರಂಪರೆಯ ನಂಬಿಕೆ. ಆ ಕಾಲದಲ್ಲಿ ಹೊದಿಸಿದ ಹೆಂಚು ಕರಾವಳಿಯ ಮಾಡುಗಳ ಮೇಲೆ ಇಂದಿಗೂ ಮಳೆ ತಡೆಯುತ್ತಿರುವುದು ಆ ನಂಬಿಕೆಗೆ ಸಾಕ್ಷಿ. ನಿಘಂಟು ಮತ್ತು ಹೆಂಚು ಬಾಳಿಕೆಗಾಗಿ ಆದವು. ಬ್ಲೇಡ್ ಮುಗಿಯುವುದಕ್ಕಾಗಿಯೇ ಆಯಿತು. ವಸ್ತುವಿನ ಬಗೆಗಿನ ಎರಡು ನೀತಿಗಳು ಇಲ್ಲಿ ಎದುರುಬದುರಾಗಿವೆ.

ಹಳೆಯ ರೇಜರಿನ ಗಟ್ಟಿತನ ಭಾವುಕರ ಕಲ್ಪನೆಯಲ್ಲ, ಲೋಹದ ಗುಣ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಒಳ್ಳೆಯ ರೇಜರ್‌ಗಳು ಬಹುಪಾಲು ಹಿತ್ತಾಳೆಯವು. ಮೇಲೆ ನಿಕಲ್ ಅಥವಾ ಚಿನ್ನದ ತೆಳು ಲೇಪ. ಲೇಪ ಸವೆದರೂ ಒಳಗಿನದು ಹಿತ್ತಾಳೆಯೇ. ಕಿಲುಬು ಹಿಡಿದರೆ ಹುಣಸೆಹುಳಿಗೆ ಹೋಗುತ್ತದೆ. ಇಂದಿನ ಅಗ್ಗದ ರೇಜರ್‌ಗಳ ತಲೆ ಹೆಚ್ಚಾಗಿ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಕ್ರೋಮ್ ಲೇಪ ಕೊಟ್ಟದ್ದು. ಲೇಪ ಒಂದು ಕಡೆ ಎದ್ದರೆ ಒಳಗಿನ ಸತು ನೀರಿಗೆ ತೆರೆದುಕೊಂಡು ಪುಡಿಪುಡಿಯಾಗುತ್ತದೆ, ತಿರುಪು ಮುರಿಯುತ್ತದೆ. ಬಲ್ಮಠದಂಥ ಕಡಲ ಸಮೀಪದ ಊರಿನಲ್ಲಿ, ನಾಲ್ಕು ತಿಂಗಳು ಗೋಡೆಗಳೇ ಒಣಗದ ಮಳೆಗಾಲದಲ್ಲಿ, ಈ ವ್ಯತ್ಯಾಸ ಬೇಗ ಕಾಣಿಸುತ್ತದೆ. ಹಾಗೆಂದು ಹೊಸತೆಲ್ಲ ಟೊಳ್ಳಲ್ಲ. ಉಪ್ಪಿನ ಗಾಳಿ ತಡೆಯುವ 316ಎಲ್ ದರ್ಜೆಯ ಸ್ಟೇನ್‌ಲೆಸ್ ಉಕ್ಕನ್ನು ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ ಕಡೆದು ಮಾಡಿದ ಇಂದಿನ ರೇಜರ್‌ಗಳಲ್ಲಿ ಬ್ಲೇಡ್ ಎರಡೂ ಬದಿಗೆ ಸಮನಾಗಿ ಕೂರುತ್ತದೆ. ಹಳೆಯ ಎಷ್ಟೋ ರೇಜರ್‌ಗಳಲ್ಲಿ ಒಂದು ಬದಿ ಹೆಚ್ಚು ಹೊರಚಾಚಿ ಚರ್ಮ ಗೀರುತ್ತದೆ. ಹಿಡಿಯ ಬುಡ ತಿರುಗಿಸಿದರೆ ತಲೆ ಬಾಗಿಲಿನಂತೆ ತೆರೆಯುವ ಹಳೆಯ ಮಾದರಿಗಳಿಗೆ ಒಳಗೆ ಸೋಪಿನ ಕೊಳೆ ಕಟ್ಟುವುದೂ ಒಂದು ತೊಂದರೆ. ಮೂರು ಭಾಗವಾಗಿ ಬಿಚ್ಚಿ ತೊಳೆಯುವ 1930ರ ದಶಕದ ಗಿಲೆಟ್ ‘ಟೆಕ್’ ಮಾದರಿಗೆ ಆ ಕಾಟವಿಲ್ಲ.

ಈ ಎಲ್ಲ ಬದಲಾವಣೆಯ ನಡುವೆ ಬ್ಲೇಡಿನ ಆಕಾರ ಮಾತ್ರ ಸುಮಾರು 1930ರಿಂದ ಹಾಗೆಯೇ ನಿಂತಿದೆ. ಇಂದು ಅಂಗಡಿಯಲ್ಲಿ ಕೊಂಡ ಟೋಪಾಜ್ ಬ್ಲೇಡ್ ಅಜ್ಜನ ರೇಜರಿಗೂ ಹಿಡಿಯುತ್ತದೆ, ಮೊಮ್ಮಗನದಕ್ಕೂ ಹಿಡಿಯುತ್ತದೆ. ನೂರಾರು ಬ್ಲೇಡ್ ನುಂಗಿದ ಮೇಲೂ ಅದು ಅಜ್ಜನ ರೇಜರೇ? ನ್ಯಾಯ-ವೈಶೇಷಿಕರ ಪ್ರಕಾರ ಅವಯವ ಬದಲಾದರೆ ಹಳೆಯ ಅವಯವಿ, ಎಂದರೆ ಭಾಗಗಳಿಂದಾದ ಇಡೀ ವಸ್ತು, ಅಳಿದು ಹೊಸದೊಂದು ಹುಟ್ಟುತ್ತದೆ. ರಥವೆಂಬುದು ಭಾಗಗಳಿಗೆ ಕೊಟ್ಟ ಹೆಸರಷ್ಟೇ ಎಂದ ಬೌದ್ಧರಿಗೆ ರೇಜರೂ ಒಂದು ಹೆಸರು. ಮೂಡಬಿದಿರೆ, ಕಾರ್ಕಳಗಳ ಬಸದಿಗಳಲ್ಲಿ ಶತಮಾನಗಳಿಂದ ಬಾಳಿಬಂದ ಜೈನ ವಿಚಾರವೇ ಇಲ್ಲಿ ಹೆಚ್ಚು ಒಗ್ಗುತ್ತದೆ: ದ್ರವ್ಯದ ದೃಷ್ಟಿಯಿಂದ ಅದೇ, ಪರ್ಯಾಯದ, ಎಂದರೆ ಬದಲಾಗುವ ಸ್ಥಿತಿಯ, ದೃಷ್ಟಿಯಿಂದ ಬೇರೆ; ಎರಡೂ ಸತ್ಯ. ಹೊಸ ಬ್ಲೇಡ್ ಬೇಡವೆನ್ನುವ ಹಳಮೆಯ ಅಭಿಮಾನವೂ, ಬ್ಲೇಡಿನ ಜೊತೆ ಹಿಡಿಯನ್ನೂ ಎಸೆಯುವ ಪ್ಲಾಸ್ಟಿಕ್ ರೇಜರಿನ ಪದ್ಧತಿಯೂ ಈ ಎರಡರಲ್ಲಿ ಒಂದನ್ನು ಮರೆತಿವೆ.

ಹಳೆಯದರ ಮೇಲಿನ ಪ್ರೀತಿಗೆ ಇನ್ನೊಂದು ಎಚ್ಚರವೂ ಬೇಕು. ಚೌಲದಲ್ಲಿ, ಉಪನಯನದಲ್ಲಿ, ಸಂನ್ಯಾಸ ದೀಕ್ಷೆಯಲ್ಲಿ, ಸೂತಕ ಕಳೆಯುವಾಗ ಕತ್ತಿ ಇರುತ್ತಿದ್ದುದು ಕ್ಷೌರಿಕನ ಕೈಯಲ್ಲಿ. ಅವನಿಲ್ಲದೆ ಶುದ್ಧಿಯಿಲ್ಲ, ಆದರೂ ಶುದ್ಧಿ ಕೊಟ್ಟವನನ್ನೇ ಸಮಾಜ ಕೀಳಾಗಿ ಕಂಡಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಶರಣ ಹಡಪದ ಅಪ್ಪಣ್ಣನವರನ್ನು ಇಂದು ಕ್ಷೌರಿಕ ಸಮುದಾಯ ತನ್ನ ಗುರುವೆಂದು ಗೌರವಿಸುತ್ತದೆ. ಕಾಯಕಕ್ಕೆ ಮೇಲುಕೀಳಿಲ್ಲವೆಂಬುದು ಆ ಶರಣರ ಚಳವಳಿ ಈ ತಾರತಮ್ಯಕ್ಕೆ ಕೊಟ್ಟ ಉತ್ತರ. ಅದೇ ಕತ್ತಿ ಬಾಲವಿಧವೆಯರ ತಲೆಯ ಮೇಲೂ ಆಡಿತು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ (1976) ಓದಿದವರಿಗೆ ಆ ಕ್ರೌರ್ಯವನ್ನು ವಿವರಿಸಬೇಕಿಲ್ಲ. ಅಲಗನ್ನು ಅವರವರ ಕೈಗೇ ಕೊಟ್ಟ ಸೇಫ್ಟಿ ರೇಜರ್ ಈ ಅನ್ಯಾಯಗಳನ್ನು ನಿವಾರಿಸಲಿಲ್ಲ. ನಿವಾರಿಸಿದ್ದು ಸುಧಾರಕರ ಹೋರಾಟ. ಆದರೂ ದಿನನಿತ್ಯದ ಕ್ಷೌರಕ್ಕೆ ಇನ್ನೊಬ್ಬನನ್ನು ಮನೆ ಹಿತ್ತಲಿಗೆ ಕರೆಸಿಕೊಳ್ಳುವ ಪದ್ಧತಿ ಸಡಿಲಗೊಳ್ಳಲು ಅದೂ ಒಂದಿಷ್ಟು ನೆರವಾಯಿತು. ತನ್ನ ಮುಖವನ್ನು ತಾನೇ ನೋಡಿಕೊಳ್ಳುವ ಈ ಸ್ವಾವಲಂಬನೆ ಸಣ್ಣದಲ್ಲ.

ದಿಗಂಬರ ಮುನಿಗಳು ಕತ್ತಿಯನ್ನೇ ಬಿಟ್ಟು, ಕೈಯಿಂದ ಕೂದಲು ಕೀಳುವ ಕೇಶಲೋಚವನ್ನು ವ್ರತವಾಗಿ ಪಾಲಿಸುತ್ತಾರೆ: ಉಪಕರಣವೂ ಬೇಡ, ಪರಾಧೀನತೆಯೂ ಬೇಡ. ಗೃಹಸ್ಥರಿಗೆ ಅಷ್ಟು ಕಠಿಣ ಮಾರ್ಗ ಹೇಳಿಲ್ಲ. ಅವರಿಗೆ ಹೇಳಿದ್ದು ಮಿತಿ. ಈ ಮಿತಿಯಿಂದ ಅಳೆದರೆ ಹಳತು-ಹೊಸತಿನ ಜಗಳ ಸುಲಭವಾಗಿ ಬಗೆಹರಿಯುತ್ತದೆ. ಮನೆಯಲ್ಲಿ ಹಿರಿಯರ ಹಿತ್ತಾಳೆಯ ರೇಜರ್ ಇದ್ದು, ತಿರುಪು ಸರಿಯಿದ್ದರೆ, ಇನ್ನೊಂದು ಕೊಳ್ಳಲು ಕಾರಣವಿಲ್ಲ. ಇಲ್ಲದವರಿಗೆ ಒಂದು ಒಳ್ಳೆಯ ಉಕ್ಕಿನ ಹೊಸ ರೇಜರ್ ಜೀವಮಾನಕ್ಕೆ ಸಾಕು. ಹಳೆಯವೆಂಬ ಕಾರಣಕ್ಕೆ ಹತ್ತಾರು ರೇಜರ್ ಕೂಡಿಹಾಕುವುದೂ, ಹೊಸತೆಂಬ ಕಾರಣಕ್ಕೆ ವರ್ಷಕ್ಕೊಂದು ಬದಲಿಸುವುದೂ ಒಂದೇ ಪರಿಗ್ರಹದ, ಎಂದರೆ ಕೂಡಿಡುವ ಆಸೆಯ, ಎರಡು ರೂಪ.

ಬಿಟ್ಟದ್ದು ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆ ಹಳೆಯ ರೇಜರಿಗೂ ಹೊಸದಕ್ಕೂ ಒಂದೇ. ಸಲೂನುಗಳಲ್ಲಿ ಬ್ಲೇಡನ್ನು ಎರಡಾಗಿ ಮುರಿದು ಪ್ರತಿ ಗಿರಾಕಿಗೂ ಹೊಸ ತುಂಡು ಹಾಕುತ್ತಾರೆ. ರಕ್ತದಿಂದ ಹರಡುವ ರೋಗಗಳ ಭಯದಿಂದ ಬೇರೂರಿದ ಒಳ್ಳೆಯ ರೂಢಿ ಅದು. ಆದರೆ ಮುರಿದ ತುಂಡುಗಳೂ ಮನೆಯ ಮೊಂಡು ಬ್ಲೇಡುಗಳೂ ಕಸದ ಚೀಲದೊಳಗಿಂದ ಪೌರಕಾರ್ಮಿಕರ ಬೆರಳು ಕೊಯ್ಯುತ್ತವೆ. ಮೊಂಡಾದ ಬ್ಲೇಡುಗಳನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಕೂಡಿಡಿ. ತುಂಬಿದ ಮೇಲೆ ಮುಚ್ಚಳ ಬಿಗಿದು, ಒಳಗೇನಿದೆಯೆಂದು ಮೇಲೆ ಬರೆದು, ಒಣಕಸದವರ ಕೈಗೆ ಹೇಳಿ ಕೊಡಿ.