ಮುರಿದು ಕೊಡುವವರಿಲ್ಲದ ಮಕ್ಕಳು

ಮೂಲವಾಕ್ಯ: ಪ್ರಲಾಪಗಳು 4ನೇ ಅಧ್ಯಾಯ, 3 ಮತ್ತು 4ನೇ ವಚನಗಳು



ಯೆರೂಸಲೇಮ್ ಪಟ್ಟಣವು ಬಾಬೆಲಿನವರ ಮುತ್ತಿಗೆಯಿಂದ ಹಾಳಾದದ್ದನ್ನು ಕುರಿತ ಐದು ಶೋಕಗೀತಗಳು ಸತ್ಯವೇದದಲ್ಲಿ ಉಂಟು. ಅವುಗಳಲ್ಲಿ ನಾಲ್ಕನೆಯದನ್ನು ಈ ತಿಂಗಳಲ್ಲಿ ನಿಮ್ಮ ನಿಮ್ಮ ಮನೆಗಳಲ್ಲಿ ನಿಧಾನವಾಗಿ ಓದಿಕೊಳ್ಳಬೇಕೆಂದು ಬೇಡಿಕೊಳ್ಳುತ್ತೇವೆ. ನರಿಯಂಥ ನರಿಗೂ ಮರಿಗೆ ಮೊಲೆಯೂಡಿಸಬೇಕೆಂಬದು ತಿಳಿದಿರುವಾಗ ತನ್ನ ಜನರಲ್ಲಿ ಆ ಕರುಣೆ ಬತ್ತಿಹೋಯಿತೆಂದೂ, ಮೊಲೆಕೂಸಿನ ನಾಲಿಗೆಯು ಬಾಯಾರಿಕೆಯಿಂದ ಒಣಗಿ ಕಚ್ಚಿಕೊಂಡಿತೆಂದೂ, ಚಿಕ್ಕವರು ರೊಟ್ಟಿಗಾಗಿ ಕೈಯೊಡ್ಡಿದರೆ ಮುರಿದು ಕೊಡತಕ್ಕವರು ಒಬ್ಬರೂ ಇರಲಿಲ್ಲವೆಂದೂ ಆ ಭಕ್ತನು ಅಳುತ್ತಾನೆ.

ಆ ತಾಯಂದಿರ ಮೇಲೆ ನಾವು ಬೇಗನೆ ತೀರ್ಪು ಹೇಳಬಾರದು. ಪಟ್ಟಣದೊಳಗೆ ಕಾಳು ಮುಗಿದಿತ್ತು. ಹಸಿದ ತಾಯಿಯ ಮೊಲೆಯಲ್ಲಿ ಹಾಲು ಎಲ್ಲಿಂದ ಬಂದೀತು? ಆದರೆ ಮೊಸಳೆಯಲ್ಲಿಯೂ ಅದರ ಸುತ್ತಣ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಗಳಲ್ಲಿಯೂ ಈ ದಿನ ಯಾವ ಶತ್ರುವಿನ ದಂಡೂ ಇಳಿದಿಲ್ಲ. ಪಡಿತರದ ಅಂಗಡಿಯಲ್ಲಿ ಅಕ್ಕಿ ಉಂಟು, ಅಂಗನವಾಡಿಯಲ್ಲಿ ಕೂಸುಗಳಿಗೆ ಆಹಾರ ಉಂಟು, ಶಾಲೆಯಲ್ಲಿ ಬಿಸಿಯೂಟ ಉಂಟು, ಬೆಳಿಗ್ಗೆಯೂ ಸಂಜೆಯೂ ಡೈರಿಗೆ ಹಾಲು ಹೋಗುತ್ತದೆ. ಹೀಗಿರಲಾಗಿ ನಮ್ಮ ಕೆಲವು ಮನೆಗಳಲ್ಲಿ ಮಕ್ಕಳು ಹಸಿದಿರುವದು ಹೇಗೆ? ವಚನವನ್ನು ತಿರಿಗಿ ನೋಡಿರಿ. ರೊಟ್ಟಿಯೇ ಇಲ್ಲವೆಂದು ಅದು ಹೇಳಿ ನಿಲ್ಲುವದಿಲ್ಲ, ಮುರಿಯುವ ಕೈ ಇಲ್ಲವೆಂದು ಹೇಳುತ್ತದೆ. ಮುದ್ದೆ ಮುರಿಯುವ ಸೀಮೆಯವರಾದ ನಮಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾದದ್ದಿಲ್ಲ. ಎರಡು ವರುಷದ ಕೂಸಿನ ಮುಂದೆ ಬಿಸಿ ಮುದ್ದೆಯನ್ನು ಇಟ್ಟುಬಿಟ್ಟರೆ ಅದು ಊಟವಾಗುವದಿಲ್ಲ. ಯಾರಾದರೂ ಕೂತು ಅದನ್ನು ಮುರಿಯಬೇಕು, ಆರಿಸಬೇಕು, ಚಿಕ್ಕ ತುತ್ತು ಮಾಡಿ ಸಾರಿನಲ್ಲಿ ಅದ್ದಬೇಕು, ಕೂಸಿನ ಮುಖ ನೋಡಿ ನುಂಗಿತೋ ಇಲ್ಲವೋ ಎಂದು ಕಾಯಬೇಕು. ಈಗ ಅನೇಕ ಮನೆಗಳಲ್ಲಿ ತಟ್ಟೆ ಉಂಟು, ಮುದ್ದೆ ಉಂಟು. ಆ ಮುಖ ನೋಡುವ ಕಣ್ಣು ಮಾತ್ರ ಮೊಬೈಲಿನ ಮೇಲೆ ಉಂಟು.

ಇಲ್ಲಿ ಒಂದು ಮಾತು. ನಾವು ನರಿಗಳು ಎಂದು ಓದುವ ಸ್ಥಳದಲ್ಲಿ ಇಬ್ರಿಯ ಪ್ರತಿಗಳಲ್ಲಿ ಬರೆದಿರುವ ಶಬ್ದವು ನೀರಿನ ಘೋರಜಂತುವಿಗೆ ಸಲ್ಲತಕ್ಕದ್ದು. ಅಂಚಿನಲ್ಲಿ ತಿದ್ದಿ ಓದುವ ಶಬ್ದವು ನರಿಗೆ ಸಲ್ಲತಕ್ಕದ್ದು. ಈಗಿನ ಇಬ್ರಿಯ ಮಾತಿನಲ್ಲಿ ಆ ಮೊದಲನೆಯ ಶಬ್ದಕ್ಕೆ ಮೊಸಳೆ ಎಂದೇ ಅರ್ಥ. ಮೊಸಳೆಯು ಮೊಲೆಯೂಡಿಸುವ ಪ್ರಾಣಿಯಲ್ಲವಾದದರಿಂದ ನರಿ ಎಂಬ ಪಾಠವೇ ಸರಿಯೆಂದು ತೋರುತ್ತದೆ. ಆದಾಗ್ಯೂ ಈ ಊರಿನ ಹೆಸರನ್ನು ಹೊತ್ತಿರುವ ನಾವು ಆ ಪ್ರಾಣಿಯ ನಡತೆಯನ್ನು ಸ್ವಲ್ಪ ತಿಳಿದುಕೊಳ್ಳುವದು ಒಳ್ಳೇದು. ನಮ್ಮ ದೇಶದ ಹೊಳೆಗಳ ಮೊಸಳೆಯು ದಡದ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು, ಸುಮಾರು ಎರಡು ತಿಂಗಳು ಅದರ ಸಮೀಪದಲ್ಲಿಯೇ ಕಾವಲಿರುತ್ತದೆ. ಮರಿಗಳು ಮೊಟ್ಟೆಯೊಳಗಿಂದ ಕೂಗಿದಾಗ ತಾಯಿಯು ಆ ಸಣ್ಣ ಶಬ್ದವನ್ನು ಮರಳಿನ ಮೇಲಿಂದ ಕೇಳಿ, ಗುಂಡಿಯನ್ನು ಅಗೆದು, ಎಮ್ಮೆಯನ್ನು ಹಿಡಿದು ಎಳೆಯುವ ಅದೇ ಹಲ್ಲುಗಳ ನಡುವೆ ಮರಿಗಳನ್ನು ನೋವಾಗದಂತೆ ಎತ್ತಿಕೊಂಡು ನೀರಿಗೆ ಸೇರಿಸುತ್ತದೆ. ಯೋಬನ ಗ್ರಂಥದ 39ನೇ ಅಧ್ಯಾಯದಲ್ಲಿ ಉಷ್ಟ್ರಪಕ್ಷಿಯೂ ಮರಳಿನಲ್ಲಿಯೇ ಮೊಟ್ಟೆಯಿಡುವದನ್ನೂ, ಯಾವ ಕಾಲು ಅದನ್ನು ತುಳಿದೀತೆಂಬ ಚಿಂತೆ ಅದಕ್ಕಿಲ್ಲದೆ ಇರುವದನ್ನೂ ಓದುತ್ತೇವೆ. (ಆ ಪಕ್ಷಿಯ ಗಂಡು ಹೆಣ್ಣುಗಳು ಸರದಿಯಿಂದ ಕಾವು ಕೂಡುತ್ತವೆಂದು ಪ್ರಾಣಿಶಾಸ್ತ್ರ ಬಲ್ಲವರು ಹೇಳುವದರಿಂದ, ಅದರ ಮೇಲೆ ಹೆಚ್ಚು ಅಪವಾದ ಹೊರಿಸದೆ ಮುಂದಕ್ಕೆ ಹೋಗೋಣ.)

ದಕ್ಷಿಣ ಕೊರಿಯ ದೇಶದ ಸುವೊನ್ ಎಂಬ ಪಟ್ಟಣದಲ್ಲಿ 2009ನೇ ಇಸವಿಯಲ್ಲಿ ನಡೆದ ಸಂಗತಿಯು ಲೋಕದ ಪತ್ರಿಕೆಗಳಲ್ಲೆಲ್ಲಾ ಬಂದಿತು. ಗಂಡನಿಗೆ ನಾಲ್ವತ್ತು ದಾಟಿತ್ತು, ಹೆಂಡತಿಗೆ ಇಪ್ಪತ್ತೈದರ ಪ್ರಾಯ. ಅವರಿಬ್ಬರ ಪರಿಚಯವಾದದ್ದೇ ಇಂಟರ್ನೆಟ್ ಮೂಲಕ. ಅವರಿಗೆ ತಿಂಗಳು ತುಂಬುವ ಮುಂಚೆಯೇ ಒಂದು ಹೆಣ್ಣುಕೂಸು ಹುಟ್ಟಿತು. ತಂದೆತಾಯಿಗಳು ರಾತ್ರಿಯಾದ ಮೇಲೆ ಕೂಸನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು, ಬಾಡಿಗೆಗೆ ಕಂಪ್ಯೂಟರ್ ಕೊಡುವ ಅಂಗಡಿಗೆ ಹೋಗಿ ಒಂದು ಆಟವನ್ನು ಆಡುತ್ತಿದ್ದರು. ಆ ಆಟದಲ್ಲಿ ಒಬ್ಬ ಚಿಕ್ಕ ಹುಡುಗಿ ಉಂಟು. ಆಡುವವರು ಅವಳನ್ನು ಸಾಕಬೇಕು, ಅಲಂಕರಿಸಬೇಕು, ಸಂಗಡ ಕರೆದುಕೊಂಡು ತಿರುಗಬೇಕು, ಅವಳು ಬೆಳೆಯುತ್ತಾಳೆ. ಅವಳನ್ನು ಅವರು ಬಹು ಜಾಗ್ರತೆಯಿಂದ ಬೆಳೆಸಿದರು. ಹೆತ್ತ ಕೂಸಿಗೆ ದಿನಕ್ಕೆ ಒಂದು ಸಾರಿ ಹಾಲಿನ ಸೀಸೆ ಸಿಕ್ಕುತ್ತಿತ್ತು. ಆ ವರುಷದ ಸೆಪ್ಟೆಂಬರ್ ತಿಂಗಳಲ್ಲಿ ಅವರು ಸುಮಾರು ಹನ್ನೆರಡು ತಾಸು ಆಡಿ ಮನೆಗೆ ಬಂದಾಗ ಮೂರು ತಿಂಗಳಿನ ಕೂಸು ಸತ್ತುಬಿದ್ದಿತ್ತು. ಹಸಿವೆಯಿಂದಲೇ ಸತ್ತಿತೆಂದು ಶವಪರೀಕ್ಷೆಯಿಂದ ಗೊತ್ತಾಯಿತು. ತಲೆಮರೆಸಿಕೊಂಡಿದ್ದ ಅವರಿಬ್ಬರನ್ನು 2010ರ ಮಾರ್ಚ್‌ನಲ್ಲಿ ಹಿಡಿದರು. ಮೇ ತಿಂಗಳಲ್ಲಿ ನ್ಯಾಯಸ್ಥಾನವು ಎರಡೆರಡು ವರುಷದ ಸೆರೆಯನ್ನು ವಿಧಿಸಿ, ತಾಯಿಯು ಪುನಃ ಗರ್ಭಿಣಿಯಾಗಿದ್ದ ಕಾರಣ ಅವಳ ಶಿಕ್ಷೆಯನ್ನು ಅಮಾನತಿನಲ್ಲಿ ಇಟ್ಟಿತು.

ಇದನ್ನು ಓದುವಾಗ ನಮ್ಮಲ್ಲಿ ಅನೇಕರು, ಅವರು ತಾಯಿತಂದೆಗಳಲ್ಲ, ರಾಕ್ಷಸರು, ಎಂದು ಹೇಳಿ ಪತ್ರಿಕೆಯನ್ನು ಮಡಿಸಿಡುವರು. ಹಾಗೆ ಮಾಡಬೇಡಿರಿ. ಆ ಇಬ್ಬರಿಗೆ ಮಗುವನ್ನು ಸಾಕುವ ಆಶೆ ಇರಲಿಲ್ಲವೆಂದು ಯಾರು ಹೇಳುವರು? ಆಟದ ಮಗುವಿಗೆ ಅವರು ಕೊಟ್ಟದ್ದು ತಾಯಿತಂದೆಗಳ ಪ್ರೀತಿಯೇ. ಆ ಪ್ರೀತಿಯು ದಾರಿತಪ್ಪಿ ಬೇರೊಂದು ತೊಟ್ಟಿಲನ್ನು ಸೇರಿತು. ಯಾಕಂದರೆ ಚಿತ್ರದ ಮಗುವು ನಡುರಾತ್ರಿಯಲ್ಲಿ ಅಳುವದಿಲ್ಲ; ಅದಕ್ಕೆ ಭೇದಿಯಾಗುವದಿಲ್ಲ, ಜ್ವರ ಬರುವದಿಲ್ಲ. ಬೇಡವಾದಾಗ ಒಂದು ಗುಂಡಿಯನ್ನು ಒತ್ತಿದರೆ ಸುಮ್ಮನಾಗುವದು. ಸಾಕಿದ್ದಕ್ಕೆ ಆ ಕ್ಷಣದಲ್ಲಿಯೇ ಬಹುಮಾನ ಕೊಡುವದು. ಹೆತ್ತ ಕೂಸು ಹಾಗಲ್ಲ. ಅದು ಬೇಡುತ್ತಲೇ ಇರುತ್ತದೆ. ಮೊದಲನೆಯ ನಗುವನ್ನು ಕೊಡುವದಕ್ಕೂ ವಾರಗಟ್ಟಲೆ ಕಾಯಿಸುತ್ತದೆ.

ನಮ್ಮ ಹಳ್ಳಿಗಳಲ್ಲಿ ಕೂಸುಗಳು ಹೀಗೆ ಸಾಯುತ್ತವೆಂದು ನಾವು ಹೇಳುವದಿಲ್ಲ. ಆದರೆ ಅದೇ ದಾರಿಯ ಮೊದಲ ಮೈಲುಕಲ್ಲುಗಳನ್ನು ನಮ್ಮ ಬೀದಿಗಳಲ್ಲಿಯೂ ಕಾಣುತ್ತೇವೆ. ಕೂಲಿಯಿಂದ ಬಂದ ತಂದೆಯು ಜಗಲಿಯ ಮೇಲೆ ಕೂತು ಕತ್ತಲಾಗುವ ವರೆಗೂ ಶತ್ರುಗಳನ್ನು ಕೊಲ್ಲುವ ಆಟವನ್ನು ಆಡುತ್ತಾನೆ. ಮಗನು ಪಕ್ಕದಲ್ಲಿ ನಿಂತು, ಅಪ್ಪಾ, ಅಪ್ಪಾ, ಎಂದು ಕರೆದು ಕರೆದು ಕೊನೆಗೆ ತಾನೂ ಪರದೆಯನ್ನೇ ನೋಡುತ್ತಾ ನಿಲ್ಲುತ್ತಾನೆ. ತಾಯಿಯು ಒಲೆಯ ಮುಂದೆ ರೀಲ್ಸ್ ನೋಡುತ್ತಾ ಕೂಸನ್ನು ಗದರಿಸುತ್ತಾಳೆ. ಅಳು ನಿಲ್ಲದಿದ್ದರೆ ಅದೇ ಮೊಬೈಲನ್ನು ಅದರ ಕೈಗೂ ಕೊಡುತ್ತಾಳೆ. ಅಳುವ ಕೂಸಿಗೆ ಅಜ್ಜಿಯ ಮಡಿಲು, ಅಂಗಳದ ಕೋಳಿ, ಆಕಾಶದ ಚಂದಮಾಮ ಇದ್ದ ಸ್ಥಳವನ್ನು ಒಂದು ಗಾಜು ತುಂಬಿತು. ಲೋಕಾರೋಗ್ಯ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ಸೂಚನೆಗಳ ಪ್ರಕಾರ ಎರಡು ವರುಷದೊಳಗಿನ ಕೂಸುಗಳಿಗೆ ಪರದೆಯನ್ನು ತೋರಿಸಲೇಬಾರದು. ಎರಡರಿಂದ ನಾಲ್ಕು ವರುಷದ ವರೆಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚಾಗಬಾರದು, ಕಡಿಮೆಯಾದಷ್ಟೂ ಉತ್ತಮ. ಇದನ್ನು ಓದಿ ಮಗುವಿನ ಕೈಯಿಂದ ಮೊಬೈಲನ್ನು ಕಸಿದುಕೊಂಡು ತಾನು ನೋಡುತ್ತಾ ಕೂಡುವ ತಂದೆಯು ಏನನ್ನು ಕಲಿಸಿದ ಹಾಗಾಯಿತು?

ಕಾನೂನು ಇದನ್ನು ಸರಿಮಾಡಲಿ ಎಂದು ಕೆಲವರು ಹೇಳುತ್ತಾರೆ. ನಮ್ಮ ಸರಕಾರವು 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಎಂಬ ಆಟವನ್ನು ನಿಲ್ಲಿಸಿದ್ದು ಮಕ್ಕಳ ನಿಮಿತ್ತವಲ್ಲ, ದೇಶದ ಭದ್ರತೆಯ ನಿಮಿತ್ತ. ಮುಂದಿನ ವರುಷವೇ ಅದೇ ಬಗೆಯ ಆಟವು ಬೇರೊಂದು ಹೆಸರಿನಿಂದ ಬಂತು. ಹಣ ಕಟ್ಟಿ ಆಡುವ ಆಟಗಳ ವಿಷಯದಲ್ಲಿ ಕರ್ನಾಟಕವು 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯಭಾಗಗಳನ್ನು 2022ರ ಫೆಬ್ರುವರಿಯಲ್ಲಿ ಉಚ್ಚ ನ್ಯಾಯಾಲಯವು ತೆಗೆದುಹಾಕಿತು. 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟು ಅಂಥ ಆಟಗಳನ್ನು ದೇಶದಲ್ಲೆಲ್ಲಾ ನಿಷೇಧಿಸುವ ಕಾಯಿದೆಯನ್ನು ಮಾಡಿತು. ಇದು ಒಳ್ಳೇ ಕೆಲಸವೇ. ಮಕ್ಕಳನ್ನು ಬೇಕೆಂದು ಅಲಕ್ಷ್ಯಮಾಡುವ ಪೋಷಕರಿಗೆ 2015ರ ಬಾಲನ್ಯಾಯ ಕಾಯಿದೆಯ 75ನೇ ಕಲಮಿನಲ್ಲಿ ಮೂರು ವರುಷದ ವರೆಗೆ ಸೆರೆಯೂ ಉಂಟು, ಒಂದು ಲಕ್ಷ ರೂಪಾಯಿಯ ದಂಡವೂ ಉಂಟು. ಆದರೆ ಯಾವ ಪೊಲೀಸಿನವನು ಒಲೆಯ ಹತ್ತಿರ ಬಂದು ಕೂತು ನಿಮ್ಮ ಮಗುವಿಗೆ ಮುದ್ದೆ ಮುರಿದು ಕೊಟ್ಟಾನು?

ಕೀರ್ತನೆಗಳ ಗ್ರಂಥದ 115ನೆಯದರಲ್ಲಿ ಕಣ್ಣಿದ್ದರೂ ಕಾಣದ, ಕಿವಿಯಿದ್ದರೂ ಕೇಳದ ವಿಗ್ರಹಗಳ ಮಾತು ಉಂಟು. ಅವುಗಳನ್ನು ಮಾಡಿ ನಂಬುವವರು ಅವುಗಳ ಹಾಗೆಯೇ ಆಗುವರೆಂಬದೂ ಉಂಟು. ನೆರೆಯವರ ಗುಡಿಯ ಕಡೆಗೆ ಬೆರಳು ತೋರಿಸುವದಕ್ಕಾಗಿ ಈ ಕೀರ್ತನೆಯನ್ನು ಓದುವವನಿಗೆ ಅದರಿಂದ ಪ್ರಯೋಜನವಿಲ್ಲ. ತಾತಂದಿರ ಕಾಲದಲ್ಲಿಯೇ ವಿಗ್ರಹವನ್ನು ಬಿಟ್ಟೆವೆಂದು ಹೇಳಿಕೊಳ್ಳುವ ನಮ್ಮ ಅಂಗೈಯಲ್ಲಿ ಬೆಳಗುವ ಚಿತ್ರವು ಏನು? ಅದರ ಮುಂದೆ ತಲೆಬಾಗಿಸಿ ಕೂತವನಿಗೆ ಕಣ್ಣುಂಟು, ಮಗಳ ಕಾಲಿನ ಗಾಯ ಕಾಣುವದಿಲ್ಲ. ಕಿವಿಯುಂಟು, ಪಕ್ಕದ ಕೋಣೆಯ ಕೆಮ್ಮು ಕೇಳುವದಿಲ್ಲ. ಮೊಬೈಲು ತಾನೇ ಪಾಪವಲ್ಲ. ದೂರದಲ್ಲಿರುವ ಮಗನ ದನಿಯನ್ನು ತರುವದೂ, ರಾತ್ರಿಯಲ್ಲಿ ಆಂಬುಲೆನ್ಸನ್ನು ಕರೆಯುವದೂ ಅದೇ. ಹಿತ್ತಾಳೆಯ ಸರ್ಪವನ್ನು ಮಾಡಿಸಿದವನು ದೇವರೇ. ಜನರು ಅದಕ್ಕೆ ಧೂಪ ಹಾಕಿದಾಗ ಹಿಜ್ಕೀಯನು ಅದನ್ನು ಒಡೆದನು.

ನಮ್ಮ ದೇವರಾದರೋ ನಮ್ಮನ್ನು ಚಿತ್ರದಲ್ಲಿ ನೋಡಿ ಪ್ರೀತಿಸಿದವನಲ್ಲ. ಆತನ ವಾಕ್ಯವು ಶರೀರವಾಗಿ, ಹಸಿಯುವ, ಅಳುವ, ಎತ್ತಿಕೊಳ್ಳಬೇಕಾದ ಕೂಸಾಗಿ ಒಬ್ಬ ಬಡ ತಾಯಿಯ ಕೈಗೆ ಬಂದಿತು. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯವನ್ನು ನೋಡಿರಿ. ಕರ್ತನು ಶಿಲುಬೆಯ ಕಡೆಗೆ ಹೋಗುವ ಪ್ರಯಾಣದಲ್ಲಿದ್ದನು. ಅದಕ್ಕಿಂತ ದೊಡ್ಡ ಕೆಲಸವು ಯಾರಿಗೂ ಇದ್ದಿಲ್ಲ. ಮಕ್ಕಳನ್ನು ತಂದವರನ್ನು ಶಿಷ್ಯರು ಗದರಿಸಿದಾಗ ಆತನು ಕೋಪಗೊಂಡನು. ತಾನೇ ಅವರನ್ನು ಅಪ್ಪಿಕೊಂಡು, ಒಬ್ಬೊಬ್ಬರ ಮೇಲೆಯೂ ಕೈಯಿಟ್ಟನು. ಹಾಗೆ ಮಾಡುವದಕ್ಕೆ ಎರಡು ಕೈಗಳೂ ಬರಿದಾಗಿರಬೇಕಷ್ಟೆ.

ಈ ಆಟಗಳಿಗೂ ಚಿತ್ರಗಳಿಗೂ ಓಡಿಹೋಗುವವರೆಲ್ಲರೂ ಸೋಮಾರಿಗಳೆಂದು ತಿಳಿಯಬೇಡಿರಿ. ಸಾಲದವನು ಬಾಗಿಲಿಗೆ ಬರುವದರಿಂದ ಮುಖ ಮರೆಸಿಕೊಳ್ಳುವವನುಂಟು. ಕುಡಿಯುವ ಗಂಡನಿಂದ ಹೊಡಿಸಿಕೊಂಡು, ಮಾತಾಡುವದಕ್ಕೆ ಯಾರೂ ಇಲ್ಲದೆ, ಆ ಬೆಳಕಿನಲ್ಲಿ ಅರೆಗಳಿಗೆ ದುಃಖ ಮರೆಯುವವಳುಂಟು. ಅಂಥವಳಿಗೆ ಹಾಗರಳನ್ನು ನೆನಪುಮಾಡಿ ಕೊಡುತ್ತೇವೆ. ಆದಿಕಾಂಡದ 21ನೇ ಅಧ್ಯಾಯದಲ್ಲಿ ಅವಳು ತಿತ್ತಿಯ ನೀರು ಮುಗಿದ ಮೇಲೆ ಮಗನನ್ನು ಪೊದೆಯ ಕೆಳಗೆ ಬಿಟ್ಟು, ಅವನ ಸಾವನ್ನು ನೋಡಲಾರದೆ ದೂರಹೋಗಿ ಕೂತಳು. ಅವಳಲ್ಲಿ ಪ್ರೀತಿ ಇಲ್ಲದೆ ಹೋಗಿರಲಿಲ್ಲ, ನೋಡುವ ಶಕ್ತಿ ಮುಗಿದಿತ್ತು. ಅತ್ತವಳು ತಾಯಿ, ದೇವರು ಕೇಳಿದನೆಂದು ಬರೆದಿರುವದು ಹುಡುಗನ ಕೂಗನ್ನು. ಆತನು ಅವಳನ್ನು ಗದರಿಸಲಿಲ್ಲ. ಹುಡುಗನನ್ನು ಎತ್ತಿ ಕೈಹಿಡಿಯೆಂದು ಹೇಳಿ ಅವಳ ಕಣ್ಣುಗಳನ್ನು ತೆರೆದನು. ಆಗ ಬಾವಿಯು ಕಾಣಿಸಿತು. ಅವಳು ತಿತ್ತಿಯಲ್ಲಿ ನೀರು ತುಂಬಿ ಮಗನಿಗೆ ಕುಡಿಸಿದಳು.

ಆದಕಾರಣ ಸಭೆಯ ಹಿರಿಯರಿಗೆ ಒಂದು ಮಾತು. ಕೂಸಿಗೆ ದೀಕ್ಷಾಸ್ನಾನವಾದಾಗ ತಾಯಿತಂದೆಗಳು ಮಾಡಿದ ವಾಗ್ದಾನಕ್ಕೆ ನೀವೆಲ್ಲರೂ ಸಾಕ್ಷಿಗಳಾಗಿ ನಿಂತಿದ್ದಿರಿ. ಯಾವ ಮನೆಯಲ್ಲಿ ಮಗುವು ತಲೆ ಬಾಚದೆ, ಉಣ್ಣದೆ ಬೀದಿಯಲ್ಲಿ ಅಲೆಯುತ್ತದೋ ಆ ಮನೆಯ ಕಥೆಯನ್ನು ಬೀದಿಯ ತುಂಬಾ ಹೇಳದೆ, ಒಂದು ಸೇರು ರಾಗಿಹಿಟ್ಟನ್ನು ತೆಗೆದುಕೊಂಡು ಅಲ್ಲಿಗೆ ಹೋಗಿ ಕೂತುಕೊಳ್ಳಿರಿ. ತಾಯಿಯು ಎದ್ದು ನೀರಿಡುವ ತನಕ ಕೂಸನ್ನು ನೀವು ಎತ್ತಿಕೊಳ್ಳಿರಿ. ಬಿಡಬೇಕೆಂದರೂ ಬಿಡಲಾರದೆ, ಆಟವೇ ಊಟಕ್ಕೂ ಕೆಲಸಕ್ಕೂ ಮಿಗಿಲಾದ ಅವಸ್ಥೆಯನ್ನು ವೈದ್ಯರು ಒಂದು ರೋಗವೆಂದು ಎಣಿಸುತ್ತಾರೆ. ಲೋಕಾರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದು 2022ರ ಜನವರಿಯಿಂದ ಸೇರಿಕೊಂಡಿದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರು ಇದಕ್ಕಾಗಿಯೇ 2014ರಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆದರು. ಅಷ್ಟು ದೂರ ಹೋಗಲಾರದವರು 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಸರಕಾರದ ಟೆಲಿ ಮಾನಸ್‌ನವರು ಕನ್ನಡದಲ್ಲಿಯೇ ಮಾತಾಡುವರು. ಮಗುವಿನ ಪ್ರಾಣಕ್ಕೆ ಅಪಾಯ ಕಂಡರೆ 1098ಕ್ಕೆ ತಿಳಿಸಬೇಕು.

ತಾಯಿತಂದೆಗಳಿಗೆ ಹೇಳುವದು ಇಷ್ಟೇ. ಈ ಸಂಜೆ ದೀಪ ಹಚ್ಚಿದ ಕೂಡಲೆ ಮೊಬೈಲನ್ನು ಅಟ್ಟದ ಮೇಲೆ ಇಟ್ಟು ಕೈತೊಳೆದುಕೊಳ್ಳಿರಿ. ಮಗುವನ್ನು ಎದುರಿಗೆ ಕೂಡಿಸಿಕೊಂಡು, ಪ್ರಾರ್ಥನೆ ಮಾಡಿ, ಮುದ್ದೆಯನ್ನು ಮುರಿಯಿರಿ. ಶಾಲೆಯಲ್ಲಿ ಏನಾಯಿತೆಂದು ಕೇಳಿರಿ. ಮೊದಲನೆಯ ದಿನ ಅದು ಏನೂ ಹೇಳಲಿಕ್ಕಿಲ್ಲ, ನಾಳೆಯೂ ಕೇಳಿರಿ.