ಎಲ್ಲ ಕೆಮ್ಮೂ ಶಿಲುಬೆಯಲ್ಲ



ಕೆಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರದಲ್ಲಿ ಒಬ್ಬ ತಂದೆ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ನನ್ನ ಬಳಿ ಬರುತ್ತಿದ್ದರು. "ಸ್ವಾಮಿ, ಈ ಕೆಮ್ಮು ಬಿಡುತ್ತಿಲ್ಲ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ" ಎನ್ನುತ್ತಿದ್ದರು. ನಾನು ಪ್ರಾರ್ಥಿಸಿ ಕಳುಹಿಸುತ್ತಿದ್ದೆ. ಸಂಜೆ ಜ್ವರ ಬರುತ್ತದೆಯೇ, ಊಟ ಸೇರುತ್ತದೆಯೇ ಎಂದು ಒಂದು ದಿನವೂ ಕೇಳಲಿಲ್ಲ. ಮೂರು ತಿಂಗಳ ನಂತರ ರೋಗಿಗಳ ಅಭ್ಯಂಗನ ನೀಡಲು ಅವರ ಮನೆಗೆ ಹೋದೆ. ಕ್ಷಯರೋಗವೆಂದು ತಿಳಿಯುವಷ್ಟರಲ್ಲಿ ಕಾಲ ಮೀರಿತ್ತು. ಚಿಕ್ಕ ಮಗಳಿಗೂ ರೋಗ ತಗುಲಿತ್ತು. ಅವಳು ಆರು ತಿಂಗಳು ಮಾತ್ರೆ ನುಂಗಿ ಗುಣವಾದಳು. ಅದೇ ಮಾತ್ರೆ ತಂದೆಗೂ ಸಿಗಬಹುದಿತ್ತಲ್ಲವೇ? ಈ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಕೆಮ್ಮು ತಾನೇ ಒಂದು ರೋಗವಲ್ಲ, ದೇಹ ಕಳುಹಿಸುವ ಸುದ್ದಿ. ಸುದ್ದಿ ಒಂದೇ ಆದರೂ ಕಾರಣ ಹಲವು: ನೆಗಡಿ, ಅಸ್ತಮಾ, ಬೀಡಿಯ ಹೊಗೆ, ಹೊಟ್ಟೆಯ ಆಮ್ಲ ಗಂಟಲಿಗೇರುವುದು, ರಕ್ತದೊತ್ತಡದ ಕೆಲವು ಮಾತ್ರೆಗಳು ಸಹ. ಆದ್ದರಿಂದ ಕೆಮ್ಮಿದವರೆಲ್ಲ ಹೆದರಬೇಕಿಲ್ಲ. ಆದರೆ ಎರಡು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ, ಜೊತೆಗೆ ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು ಇದ್ದರೆ, ಕಫದಲ್ಲಿ ರಕ್ತ ಕಂಡರೆ, ಊಹೆ ಮಾಡುತ್ತ ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಕಫ ಪರೀಕ್ಷೆಯೂ ಔಷಧವೂ ಉಚಿತ. ಸ್ವಲ್ಪ ಗುಣ ಕಂಡಿತೆಂದು ಮಾತ್ರೆಯನ್ನು ನಡುವೆ ಬಿಟ್ಟರೆ ರೋಗಾಣು ಔಷಧಕ್ಕೆ ಬಗ್ಗದಂತಾಗುತ್ತದೆ.

"ದೇವರು ಕೊಟ್ಟ ಶಿಲುಬೆ, ಸಹಿಸಿಕೊಳ್ಳುತ್ತೇನೆ" ಎನ್ನುವವರಿದ್ದಾರೆ. ನಮ್ಮ ಕಿರುಪುಷ್ಪ ಸಂತ ತೆರೇಸಾರನ್ನು ನೆನೆಯಿರಿ. 1896ರ ಪವಿತ್ರ ಗುರುವಾರದ ರಾತ್ರಿ ಅವರ ಬಾಯಿಂದ ರಕ್ತ ಬಂತು. 1897ರ ಸೆಪ್ಟೆಂಬರ್ 30ರಂದು, 24ನೇ ವಯಸ್ಸಿನಲ್ಲಿ, ಕ್ಷಯದಿಂದಲೇ ತೀರಿಕೊಂಡರು. ಕ್ಷಯದ ರೋಗಾಣು 1882ರಲ್ಲೇ ಪತ್ತೆಯಾಗಿತ್ತು. ಆದರೆ ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ಔಷಧವಿಲ್ಲದ ಕಾಲದಲ್ಲಿ ಅವರು ಆ ನೋವನ್ನು ಪ್ರೀತಿಯಿಂದ ಹೊತ್ತರು. ಔಷಧವಿರುವ ಕಾಲದಲ್ಲಿ ಅದನ್ನು ತಳ್ಳಿ ಹಾಕುವುದು ತಾಳ್ಮೆಯಲ್ಲ. ಇಳಿಸಬಹುದಾದ ಭಾರವನ್ನು ಇಳಿಸದೆ ಮಕ್ಕಳ ಹೆಗಲಿಗೆ ದಾಟಿಸುವುದು ಶಿಲುಬೆ ಹೊರುವುದಲ್ಲ.

ಸಿರಾಖ ಗ್ರಂಥದ 38ನೇ ಅಧ್ಯಾಯವನ್ನು ಇಂದು ಮನೆಯಲ್ಲಿ ಓದಿ. ವೈದ್ಯನನ್ನು ಗೌರವಿಸಲು, ರೋಗ ಬಂದಾಗ ಪ್ರಾರ್ಥಿಸಲು, ಪ್ರಾರ್ಥಿಸಿ ವೈದ್ಯನಿಗೂ ಎಡೆಕೊಡಲು ಅದು ಹೇಳುತ್ತದೆ. ಪ್ರಾರ್ಥನೆ ಮತ್ತು ಔಷಧ ಎರಡೂ ಒಬ್ಬನೇ ದೇವರ ಕೊಡುಗೆ.

ಇನ್ನು ಕೆಲವರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಮಗಳ ಮದುವೆಗೆ ಅಡ್ಡಿಯಾದೀತು, ನೆರೆಯವರು ದೂರವಾದಾರು ಎಂಬ ಭಯ. ಈ ಭಯಕ್ಕೆ ನಾವೂ ಕಾರಣರು. ಶ್ವಾಸಕೋಶದ ಕ್ಷಯ ಹರಡುವುದು ಗಾಳಿಯಿಂದ, ತಟ್ಟೆ ಲೋಟದಿಂದಲ್ಲ. ಸರಿಯಾದ ಔಷಧ ಆರಂಭಿಸಿದ ಕೆಲವೇ ವಾರಗಳಲ್ಲಿ ಅದು ಹರಡುವ ಅಪಾಯ ಬಹಳ ಕಡಿಮೆಯಾಗುತ್ತದೆ. ರೋಗಿಯ ತಟ್ಟೆಯನ್ನು ಬೇರೆ ಇಡುವ ಮನೆಯಲ್ಲಿ ರೋಗ ಬಚ್ಚಿಟ್ಟುಕೊಳ್ಳುತ್ತದೆ. ಪ್ರಭು ಯೇಸು ಕುಷ್ಠರೋಗಿಯನ್ನು ಮುಟ್ಟಿದರೆಂಬುದನ್ನು ಮರೆಯದಿರೋಣ.

ಇಂದು ರಾತ್ರಿ ಜಪಸರ ಮುಗಿದ ಮೇಲೆ ಮನೆಯಲ್ಲಿ ಕೆಮ್ಮುತ್ತಿರುವವರನ್ನು ಕೇಳಿ: "ಎಷ್ಟು ದಿನವಾಯಿತು?" ಪ್ರಾರ್ಥನೆ ಬೇಡಿ ಬರುವವರನ್ನು ನಾನೂ ಈಗ ಮೊದಲು ಅದನ್ನೇ ಕೇಳುತ್ತೇನೆ. ನಂತರ ತಲೆಯ ಮೇಲೆ ಕೈಯಿಡುತ್ತೇನೆ.